ಜಾರ್ಜಿಯಾ, ಅರ್ಮೇನಿಯಾ, ಸ್ಪೇನ್: ದ್ರಾಕ್ಷಿ ತೋಟ ನೋಡಿ, ದೇವರ ಬೆಟ್ಟ ಹತ್ತಲು ಮೊದಲು ಎಲ್ಲಿಗೆ ಹೋಗಬೇಕು?

ಅಕ್ಟೋಬರ್ ಕಟಿಂಗ್, ಅಂದರೆ ಬಳ್ಳಿ ಸವರುವ ಕೆಲಸ, ಶುರುವಾದರೆ ನಮ್ಮ ಚಿಕ್ಕಬಳ್ಳಾಪುರ ಕಡೆಯ ದ್ರಾಕ್ಷಿ ಬೆಳೆಗಾರರು ನೆಂಟರ ಮದುವೆಗೂ ಸರಿಯಾಗಿ ಹೋಗುವುದಿಲ್ಲ. ಚಿಗುರು ಬಂತು ಅಂದರೆ ಬೂಜು ರೋಗದ ಭಯ, ಮೋಡ ಕವಿದರೆ ಔಷಧಿ ಹೊಡೆಯುವ ಗಡಿಬಿಡಿ. ನಾನು ಅಂಥ ಮನೆಯಲ್ಲೇ ಬೆಳೆದವನು. ದೇವನಹಳ್ಳಿ ವಿಮಾನ ನಿಲ್ದಾಣ ನಮಗೆ ಪಕ್ಕದಲ್ಲೇ ಇದ್ದರೂ, ಅಪ್ಪ ವಿಮಾನ ನೋಡಿದ್ದು ತೋಟದಲ್ಲಿ ನಿಂತು ತಲೆ ಎತ್ತಿ ಮಾತ್ರ.

ಕಳೆದ ಕೆಲವು ವರ್ಷಗಳಲ್ಲಿ ನಾನು ಮತ್ತು ನಮ್ಮ ಭಾವ ಮೂರು ದೇಶ ನೋಡಿ ಬಂದೆವು. ಮೂರೂ ಕಡೆ ಎರಡೇ ಕೆಲಸ. ಅಲ್ಲಿನವರು ದೇವರನ್ನು ನೆನೆದು ನಡೆಯುವ ದಾರಿಯಲ್ಲಿ ನಡೆಯುವುದು, ಅಲ್ಲಿನ ದ್ರಾಕ್ಷಿ ಏನಾಗುತ್ತದೆ ಅಂತ ನೋಡುವುದು. ಹೊರಡುವ ಮೊದಲು ಅಮ್ಮ ಕೇಳಿದ್ದಳು: "ಅಲ್ಲಪ್ಪ, ದೇವರ ಹತ್ರ ಹೋಗೋದು, ಕುಡಿಯೋದು, ಎರಡೂ ಒಂದೇ ದಾರೀಲಾ?"

ನಮ್ಮ ಮನೆಯಲ್ಲಿ ತಲೆಮಾರಿನಿಂದ ದ್ರಾಕ್ಷಿ ಇದೆ, ಒಂದು ದಿನವೂ ವೈನ್ ಇರಲಿಲ್ಲ. ಅಮ್ಮನ ಲೆಕ್ಕದಲ್ಲಿ ಅದೂ ಒಂದೇ, ಸಾರಾಯಿಯೂ ಒಂದೇ. ಅವಳ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸಿಕ್ಕಿದ್ದು ಜಾರ್ಜಿಯಾದಲ್ಲಿ. ಆ ದೇಶಕ್ಕೆ ಕ್ರೈಸ್ತ ಧರ್ಮ ತಂದವಳು ನಾಲ್ಕನೇ ಶತಮಾನದ ಸಂತ ನೀನೊ. ಅವಳ ಕೈಯಲ್ಲಿದ್ದ ಶಿಲುಬೆ ದ್ರಾಕ್ಷಿ ಬಳ್ಳಿಯದ್ದು. ಎರಡು ಕಡ್ಡಿಗಳನ್ನು ತನ್ನ ಕೂದಲಿನಿಂದಲೇ ಕಟ್ಟಿದ್ದಳು ಅಂತ ಅವರ ನಂಬಿಕೆ. ಆ ಶಿಲುಬೆಯ ಎರಡು ತೋಳು ಸ್ವಲ್ಪ ಕೆಳಕ್ಕೆ ಬಾಗಿರುತ್ತವೆ. ಹಸಿ ಬಳ್ಳಿ ಬಾಗುವುದು ಹಾಗೇ ಅಲ್ವಾ? ಅಲ್ಲಿ ದೇವರೂ ದ್ರಾಕ್ಷಿಯೂ ಬೇರೆ ಬೇರೆ ಅಲ್ಲ. ಇದನ್ನು ತಿಳಿದುಕೊಂಡು ಹೋದರೆ ಪ್ರವಾಸದ ರೀತಿಯೇ ಬದಲಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದ್ರಾಕ್ಷಿ ಬೆಳೆಯುವ ಮನೆಯವರು ಮೊದಲು ಜಾರ್ಜಿಯಾ ನೋಡಿ. ನಡಿಗೆಯೇ ಮುಖ್ಯ ಅನ್ನುವವರಿಗೆ ಸ್ಪೇನ್. ಜೊತೆಯಲ್ಲಿ ವಯಸ್ಸಾದವರಿದ್ದರೆ, ರಜೆ ಒಂದೇ ವಾರ ಇದ್ದರೆ ಅರ್ಮೇನಿಯಾ. ಯಾಕೆ ಅಂತ ಹೇಳುತ್ತೇನೆ.

ಜಾರ್ಜಿಯಾ: ನೆಲದೊಳಗಿನ ಮಡಕೆ

ನಮ್ಮ ಅಜ್ಜನ ಕಾಲದಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ಗುಂಡಿ, ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ಮೇಲೆ ಮುಚ್ಚಿ ಮಣ್ಣು ಹಾಕಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕಖೇಟಿ ಪ್ರಾಂತ್ಯದ ತೆಲಾವಿ ಊರಿನ ಹತ್ತಿರ ಒಂದು ರೈತರ ಮನೆಗೆ ಹೋದಾಗ ನನಗೆ ಮೊದಲು ನೆನಪಾದದ್ದು ಅದೇ ಹಗೇವು.

ಅವರು ವೈನ್ ಮಾಡುವ ಕೋಣೆಗೆ ಮರಾನಿ ಅನ್ನುತ್ತಾರೆ. ಒಳಗೆ ಹೋದರೆ ಪೀಪಾಯಿ ಇಲ್ಲ, ಯಂತ್ರ ಇಲ್ಲ. ಬರೀ ನೆಲ. ನೆಲದಲ್ಲಿ ಅಲ್ಲಲ್ಲಿ ದುಂಡಗಿನ ಬಾಯಿ. ಒಂದೊಂದು ಬಾಯಿಯ ಕೆಳಗೂ ಆಳೆತ್ತರದ ಮಣ್ಣಿನ ಮಡಕೆ ಹೂತಿದೆ. ಮೊಟ್ಟೆಯ ಆಕಾರ, ಕೆಳಗೆ ಚೂಪು. ಹೆಸರು ಕ್ವೆವ್ರಿ. ಒಳಗಡೆ ಜೇನುಮೇಣ ಬಳಿದಿರುತ್ತಾರೆ. ದ್ರಾಕ್ಷಿ ತುಳಿದು ರಸ, ಸಿಪ್ಪೆ, ಬೀಜ, ಕೆಲವು ಸಲ ತೊಟ್ಟನ್ನೂ ಸೇರಿಸಿ ಒಳಗೆ ಸುರಿಯುತ್ತಾರೆ. ಹುದುಗು ಇಳಿದ ಮೇಲೆ ಬಾಯಿ ಮುಚ್ಚಿ ಐದಾರು ತಿಂಗಳು ಬಿಡುತ್ತಾರೆ. ಚಳಿಯಾಗಲಿ ಬಿಸಿಲಾಗಲಿ, ನೆಲದೊಳಗೆ ತಂಪು ಒಂದೇ ಸಮ. ಮನೆಯ ಯಜಮಾನ ಮುಚ್ಚಳದ ಮೇಲಿನ ಮಣ್ಣನ್ನು ಕೈಯಲ್ಲೇ ಸರಿಸಿ, ಉದ್ದ ಹಿಡಿಯ ಸೌಟು ಇಳಿಸಿ, ಮೊದಲ ಬಟ್ಟಲು ಭಾವನಿಗೆ ಕೊಟ್ಟರು. ಬಿಳಿ ದ್ರಾಕ್ಷಿಯ ವೈನ್, ಆದರೆ ಬಣ್ಣ ಜೇನಿನಂತೆ ಹೊಂಬಣ್ಣ. ಸಿಪ್ಪೆಯ ಜೊತೆ ಅಷ್ಟು ತಿಂಗಳು ಇದ್ದದ್ದಕ್ಕೆ ಆ ಬಣ್ಣ. ಬಾಯಿಗೆ ಹಾಕಿದರೆ ಹಾಲಿಲ್ಲದ ಗಟ್ಟಿ ಟೀಯ ಒಗರು. ಮೊದಲ ಗುಟುಕು ನನಗೆ ಹಿಡಿಸಲಿಲ್ಲ. ಊಟದ ಜೊತೆ ಎರಡನೆಯದು ಕುಡಿದಾಗ ಗೊತ್ತಾಯಿತು, ಅದು ಊಟಕ್ಕೆಂದೇ ಮಾಡಿದ್ದು.

ಈ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ 2013ರಲ್ಲಿ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು, ಅದಕ್ಕೇ ನನಗೆ ಆ ವರ್ಷ ಮರೆಯುವುದಿಲ್ಲ. ಜಾರ್ಜಿಯಾದಲ್ಲಿ ಸಿಕ್ಕ ಸುಮಾರು 8000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತು ಇರುವುದು 2017ರಲ್ಲಿ ಪ್ರಕಟವಾಯಿತು. ಅಲ್ಲಿ 500ಕ್ಕೂ ಹೆಚ್ಚು ತಳಿಗಳಿವೆ. ನೀವು ಎರಡು ನೆನಪಿಟ್ಟುಕೊಂಡರೆ ಸಾಕು. ಕೆಂಪಿಗೆ ಸಪೆರಾವಿ, ಬಿಳಿಗೆ ರ್ಕಾತ್ಸಿತೆಲಿ. ಸಪೆರಾವಿಯ ವಿಶೇಷ ಏನೆಂದರೆ ಸಿಪ್ಪೆ ಮಾತ್ರ ಅಲ್ಲ, ತಿರುಳೂ ಕೆಂಪು. ಹಿಚುಕಿದರೆ ಕೈ ಕೆಂಪಾಗುತ್ತದೆ.

ಒಂದು ಎಚ್ಚರ. ನಾವು ಮೊದಲ ದಿನ ಒಬ್ಬ ಟೂರ್ ಏಜೆಂಟ್ ಮೂಲಕ ಹೋದೆವು. ಅವರು ಒಂದೇ ದಿನಕ್ಕೆ ಐದು ವೈನರಿ ತುರುಕಿದ್ದರು. ಮೂರನೆಯದರ ಹೊತ್ತಿಗೆ ನಾಲಿಗೆಗೆ ಯಾವುದು ಏನು ಅಂತ ತಿಳಿಯಲಿಲ್ಲ. ಸಂಜೆ ಅಲಾವೆರ್ದಿ ಮಠ ತಲುಪಿದಾಗ ಬಾಗಿಲು ಹಾಕಿತ್ತು. ನನಗೆ ನಿಜಕ್ಕೂ ಬೇಜಾರಾಯಿತು, ಯಾಕೆಂದರೆ ನಾನು ಬಂದಿದ್ದೇ ಅದಕ್ಕೆ. ಹನ್ನೊಂದನೇ ಶತಮಾನದ ಆ ದೊಡ್ಡ ಗುಡಿಯ ಸನ್ಯಾಸಿಗಳು ಇವತ್ತಿಗೂ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ. ಮಾರನೇ ದಿನ ತೆಲಾವಿಯಿಂದ ಷೇರ್ ವ್ಯಾನಿನಲ್ಲಿ ನಾವೇ ಹೋದೆವು. ದಿನಕ್ಕೆ ಒಂದು ಗುಡಿ, ಒಂದು ಮನೆ. ಅದಕ್ಕಿಂತ ಜಾಸ್ತಿ ಬೇಡ.

ಬೆಟ್ಟದ ಮಾತಿಗೆ ಬಂದರೆ ಗೆರ್ಗೆಟಿ ತ್ರಿಮೂರ್ತಿ ಚರ್ಚ್. ರಾಜಧಾನಿ ಟಿಬಿಲಿಸಿಯಿಂದ ಉತ್ತರಕ್ಕೆ ಸುಮಾರು 150 ಕಿ.ಮೀ. ಹೋದರೆ ಸ್ತೆಪಾಂತ್ಸ್ಮಿಂದಾ ಅನ್ನುವ ಊರು. ಅಲ್ಲಿಂದ ನಡೆದು ಹತ್ತಬೇಕು. ಗುಡಿ ಇರುವುದು 2170 ಮೀಟರ್ ಎತ್ತರದಲ್ಲಿ, ಹಿಂದೆ 5000 ಮೀಟರ್ ದಾಟಿದ ಕಜ್ಬೆಕ್ ಶಿಖರ. ಈಗ ಮೇಲಿನ ತನಕ ಟಾರ್ ರಸ್ತೆ ಇದೆ, ಕಾರುಗಳು ಹೋಗುತ್ತವೆ. ಆದರೂ ನಡೆದೇ ಹೋಗಿ. ಎರಡು ಗಂಟೆ ಸಾಕು. ಬೆಳಗ್ಗೆ ಬೇಗ ಹೊರಡಿ, ಆಮೇಲೆ ಶಿಖರಕ್ಕೆ ಮೋಡ ಮುಚ್ಚುವುದು ಜಾಸ್ತಿ. ನಮ್ಮ ನಂದಿಯಲ್ಲಿ ಮೋಡ ಕೆಳಗೆ ಹಾಸಿಕೊಂಡಿರುತ್ತದೆ, ಅಲ್ಲಿ ಮೇಲೆ ಕೂತಿರುತ್ತದೆ. ಹೆಂಗಸರು ತಲೆಗೆ ಬಟ್ಟೆ ಹಾಕಬೇಕು, ಗಂಡಸರು ಚಡ್ಡಿಯಲ್ಲಿ ಒಳಗೆ ಹೋಗುವಂತಿಲ್ಲ. ನಮಗೆ ಇದೇನು ಹೊಸದಲ್ಲ.

ಸಸ್ಯಾಹಾರಿಗಳಿಗೆ ಮೂರರಲ್ಲಿ ಇದೇ ಸುಖ. ಹುರುಳಿಕಾಯಿ ಬೀಜದ ಲೋಬಿಯೊ, ಬದನೆಕಾಯಿಗೆ ಅಕ್ರೋಟು ಅರೆದು ತುಂಬಿದ್ದು, ಚೀಸ್ ತುಂಬಿದ ಖಚಪುರಿ ರೊಟ್ಟಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸದ ದಿನಗಳು ಬಹಳ. ಅದರಿಂದ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಕೇಳಿದರೆ ಅವರು ಹುಬ್ಬೇರಿಸುವುದಿಲ್ಲ. ಬರುವಾಗ ಚುರ್ಚ್‌ಖೇಲಾ ತನ್ನಿ. ದಾರಕ್ಕೆ ಅಕ್ರೋಟು ಪೋಣಿಸಿ, ಹಿಟ್ಟು ಹಾಕಿ ಕುದಿಸಿದ ದ್ರಾಕ್ಷಿ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುತ್ತಾರೆ. ಅಮ್ಮ ತಿಂದು ಮೆಚ್ಚಿದ್ದು ಅದೊಂದೇ.

ಸ್ಪೇನ್: ಕಲ್ಲುಕಂಬದ ಚಪ್ಪರ

ಕೋಲಾರ, ಚಿಕ್ಕಬಳ್ಳಾಪುರದಿಂದ ತಿರುಪತಿಗೆ ಪಾದಯಾತ್ರೆ ಹೋದವರಿಗೆ ಸ್ಪೇನಿನ ಕಮಿನೊ ದೆ ಸಾಂತಿಯಾಗೊ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಇದೆ ಎಂದು ನಂಬುವ ಸಾಂತಿಯಾಗೊ ದೆ ಕಾಂಪೊಸ್ತೆಲಾ ಊರಿಗೆ ನೂರಾರು ವರ್ಷಗಳಿಂದ ಜನ ನಡೆಯುತ್ತಿದ್ದಾರೆ. ಒಂದೇ ದಾರಿಯಲ್ಲ, ಹತ್ತಾರು. ಪ್ರಸಿದ್ಧವಾದದ್ದು ಫ್ರಾನ್ಸಿನ ಗಡಿಯೂರಿನಿಂದ ಶುರುವಾಗುವ ಸುಮಾರು 780 ಕಿ.ಮೀ. ದಾರಿ. ಹೆಚ್ಚು ಕಡಿಮೆ 33 ದಿನ. ಅದು ರಿಯೋಹಾ ವೈನ್ ಪ್ರಾಂತ್ಯದ ಮಧ್ಯದಲ್ಲೇ ಹಾಯುತ್ತದೆ. ಅದಕ್ಕೂ ಮೊದಲು ಇರಾಚೆ ಅನ್ನುವ ಕಡೆ ಗೋಡೆಯಲ್ಲಿ ಎರಡು ನಲ್ಲಿ ಇವೆ, ಒಂದರಲ್ಲಿ ನೀರು, ಇನ್ನೊಂದರಲ್ಲಿ ವೈನ್. ಯಾತ್ರಿಕರಿಗೆ ಪುಕ್ಕಟೆ. 1991ರಿಂದ ಇದೆ. ನಮ್ಮ ಕಡೆ ಪಾದಯಾತ್ರೆಯವರಿಗೆ ರಸ್ತೆ ಪಕ್ಕ ಪಾನಕ, ಮಜ್ಜಿಗೆ ಕೊಡುವುದಿಲ್ಲವೇ, ಇದೂ ಹಾಗೇ.

33 ದಿನ ಯಾರಿಗೂ ಸಿಗುವುದಿಲ್ಲ. ಸಾಂತಿಯಾಗೊದಲ್ಲಿ ಯಾತ್ರೆಯ ಪ್ರಮಾಣಪತ್ರ ಬೇಕಾದರೆ ಕೊನೆಯ 100 ಕಿ.ಮೀ. ನಡೆದರೆ ಸಾಕು. ಒಂದು ಯಾತ್ರಿಕರ ಪುಸ್ತಕ ಕೊಡುತ್ತಾರೆ, ದಾರಿಯ ಚರ್ಚು, ಹೋಟೆಲು, ಛತ್ರಗಳಲ್ಲಿ ದಿನಕ್ಕೆ ಎರಡು ಮುದ್ರೆ ಹಾಕಿಸಿಕೊಳ್ಳಬೇಕು. ಹೆಚ್ಚಿನವರು ಸಾರಿಯಾ ಎಂಬ ಊರಿನಿಂದ ಶುರು ಮಾಡುತ್ತಾರೆ. ಅಲ್ಲಿ ಜನಜಂಗುಳಿ.

ನೀವು ದ್ರಾಕ್ಷಿ ನೋಡಬೇಕು ಅಂದರೆ ಸಾರಿಯಾ ಬಿಡಿ. ಪೋರ್ಚುಗಲ್ ಗಡಿಯ ತುಯ್ ಊರಿನಿಂದ ಶುರು ಮಾಡಿ. ಸುಮಾರು 115 ಕಿ.ಮೀ., ಆರು ದಿನ. ದಾರಿ ಗಲೀಸಿಯಾ ಪ್ರಾಂತ್ಯದ ರಿಯಾಸ್ ಬೈಶಾಸ್ ದ್ರಾಕ್ಷಿ ಸೀಮೆಯನ್ನು ಹಾದು ಹೋಗುತ್ತದೆ. ಆಲ್ಬರಿನ್ಯೊ ಅನ್ನುವ ಬಿಳಿ ದ್ರಾಕ್ಷಿಯ ಊರು ಅದು.

ಪೊಂತೆವೆದ್ರಾ ಊರು ದಾಟಿದ ಮೇಲೆ ಒಂದು ತಿರುವಿನಲ್ಲಿ ನಾವಿಬ್ಬರೂ ನಿಂತುಬಿಟ್ಟೆವು. ಎದುರಿಗೆ ದ್ರಾಕ್ಷಿ ಚಪ್ಪರ. ಚಪ್ಪರಕ್ಕೆ ಕಲ್ಲಿನ ಕಂಬ. ಸೀಳಿದ ಕಗ್ಗಲ್ಲು, ಮೈಮೇಲೆ ಉಳಿಯ ಗುರುತು, ಮೇಲೆ ತಂತಿ, ತಂತಿಯ ಮೇಲೆ ಬಳ್ಳಿ. ಯುರೋಪಿನ ದ್ರಾಕ್ಷಿ ಅಂದರೆ ಬೇಲಿಯ ಸಾಲಿನಂತೆ ನಿಂತಿರುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಇದು ಮಾತ್ರ ಥೇಟ್ ನಮ್ಮ ತೋಟ. ಕಾರಣವೂ ಹತ್ತಿರದ್ದೇ. ಸಮುದ್ರದ ಪಕ್ಕ, ಮಳೆ ಜಾಸ್ತಿ, ನೆಲ ಸದಾ ಒದ್ದೆ. ಗೊಂಚಲು ಎತ್ತರದಲ್ಲಿ ತೂಗಿದರೆ ಕೆಳಗೆ ಗಾಳಿ ಆಡುತ್ತದೆ, ಬೂಜು ಕಡಿಮೆ. ಕಲ್ಲು ಊರಿನಲ್ಲೇ ಸಿಗುತ್ತದೆ, ಮರದ ಕಂಬ ಆ ತೇವಕ್ಕೆ ಕೊಳೆಯುತ್ತದೆ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅಪ್ಪ ಫೋಟೋ ಹಿಗ್ಗಿಸಿ ನೋಡಿ ಹೇಳಿದ್ದು: "ಕಂಬ ನಮ್ಮದಕ್ಕಿಂತ ಗಟ್ಟಿ ಅವೆ. ತಂತಿ ಸಡಿಲ ಬಿಟ್ಟವರೆ ನೋಡು."

ನನ್ನ ಮಟ್ಟಿಗೆ ಇಡೀ ಸ್ಪೇನ್ ಪ್ರವಾಸ ಆ ತಿರುವಿಗೆ ಸಾರ್ಥಕವಾಯಿತು.

ಆಲ್ಬರಿನ್ಯೊ ವೈನ್ ತಿಳಿ, ಹುಳಿ ಚುರುಕು. ಬಿಸಿಲಲ್ಲಿ 20 ಕಿ.ಮೀ. ನಡೆದ ಸಂಜೆಗೆ ಹೇಳಿ ಮಾಡಿಸಿದ್ದು. ಪದ್ರೋನ್ ಊರಲ್ಲಿ ಚಿಕ್ಕ ಹಸಿ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿ ಕೊಡುತ್ತಾರೆ. ಹತ್ತರಲ್ಲಿ ಒಂದು ಖಾರ, ಮಿಕ್ಕಿದ್ದು ಸಪ್ಪೆ. ಅದೇ ಊರಿನ ಚರ್ಚಿನಲ್ಲಿ, ಸಂತನ ದೇಹ ತಂದ ದೋಣಿಯನ್ನು ಕಟ್ಟಿದ್ದರು ಅನ್ನುವ ಕಲ್ಲು ಪೀಠದ ಕೆಳಗಿದೆ. ಅದನ್ನು ನೋಡದೆ ಮುಂದೆ ಹೋಗಬೇಡಿ. ಮಿಕ್ಕಂತೆ ಸಸ್ಯಾಹಾರಿಗಳಿಗೆ ಈ ದಾರಿ ಕಷ್ಟ. ಆಮ್ಲೆಟ್, ಬ್ರೆಡ್, ಸಲಾಡ್ ಇದರಲ್ಲೇ ದಿನ ಹೋಗುತ್ತದೆ. ಚಟ್ನಿಪುಡಿ ಒಯ್ಯಿರಿ.

ದಾರಿ ತಪ್ಪುವ ಭಯ ಬೇಡ. ಎಲ್ಲೆಲ್ಲೂ ಹಳದಿ ಬಾಣದ ಗುರುತು. 1980ರ ದಶಕದಲ್ಲಿ ಎಲಿಯಾಸ್ ವಾಲಿನ್ಯಾ ಎಂಬ ಹಳ್ಳಿಯ ಪಾದ್ರಿ ಡಬ್ಬದಲ್ಲಿ ಹಳದಿ ಬಣ್ಣ ಹಿಡಿದು ಮರ, ಕಲ್ಲು, ಗೋಡೆಗಳ ಮೇಲೆ ಬರೆಯುತ್ತಾ ಹೋದರು. ದಾರಿ ಮತ್ತೆ ಜೀವ ಹಿಡಿದದ್ದು ಅಂಥವರಿಂದ. ಭಯ ಇರಬೇಕಾದದ್ದು ಕಾಲಿನದು. ಭಾವ ಹೊಸ ಶೂ ಹಾಕಿಕೊಂಡು ಬಂದಿದ್ದರು. ಎರಡನೇ ದಿನಕ್ಕೇ ಹಿಮ್ಮಡಿಯಲ್ಲಿ ಬೊಬ್ಬೆ, ನಾಲ್ಕನೇ ದಿನ ಚಪ್ಪಲಿಯಲ್ಲಿ ನಡೆದರು. ಕನಿಷ್ಠ ಎರಡು ತಿಂಗಳು ಹಾಕಿ ಪಳಗಿಸಿದ ಶೂ ಇರಲಿ.

ರಿಯೋಹಾ ಕಡೆ ಹೋಗುವವರಿಗೆ ಬಾಟಲಿ ಆರಿಸಲು ಒಂದು ಸುಲಭ ಲೆಕ್ಕ. ಕೆಂಪು ವೈನಿನಲ್ಲಿ ಕ್ರಿಯಾಂಸಾ ಅಂದರೆ ಕನಿಷ್ಠ 2 ವರ್ಷ ಮಾಗಿದ್ದು, ರೆಸೆರ್ವಾ 3 ವರ್ಷ, ಗ್ರಾನ್ ರೆಸೆರ್ವಾ 5 ವರ್ಷ. ಮೊದಲ ಸಲಕ್ಕೆ ಕ್ರಿಯಾಂಸಾ ಸಾಕು.

ಅರ್ಮೇನಿಯಾ: ಮೊದಲ ಗೊಂಚಲು ದೇವರಿಗೆ

ಚಿಕ್ಕ ದೇಶ. ರಾಜಧಾನಿ ಯೆರೆವಾನಿನಲ್ಲಿ ಒಂದೇ ರೂಮು ಮಾಡಿಕೊಂಡು ಮುಖ್ಯವಾದದ್ದನ್ನೆಲ್ಲ ಬೆಳಗ್ಗೆ ಹೋಗಿ ರಾತ್ರಿ ಬರುವಂತೆ ನೋಡಬಹುದು. ಕಾಲು ನೋವಿನವರನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ಅನುಕೂಲ. ಗುಡಿಯ ಬಾಗಿಲ ತನಕ ಕಾರು ಹೋಗುತ್ತದೆ, ನಡೆಯುವ ಶಕ್ತಿ ಇದ್ದವರು ಇನ್ನೂ ಮುಂದೆ ನಡೆಯಬಹುದು.

ಯೆರೆವಾನಿನಿಂದ ಎರಡು ಗಂಟೆ ದೂರದ ಅರೇನಿ ಹಳ್ಳಿಯ ಗವಿಯಲ್ಲಿ ಸುಮಾರು 6100 ವರ್ಷ ಹಳೆಯ ವೈನ್ ತಯಾರಿಕೆಯ ಜಾಗ ಸಿಕ್ಕಿದೆ. ತುಳಿಯುವ ತೊಟ್ಟಿ, ರಸ ಇಳಿಯುವ ಮಡಕೆ, ಬೀಜ, ಒಣಗಿದ ಬಳ್ಳಿ. ಅದೇ ಗವಿಯಲ್ಲಿ ಸುಮಾರು 5500 ವರ್ಷ ಹಳೆಯ ಚರ್ಮದ ಪಾದರಕ್ಷೆಯೂ ಸಿಕ್ಕಿತು. ಗವಿಯಿಂದ ಕೆಂಪು ಬಂಡೆಗಳ ಕಣಿವೆಯೊಳಗೆ ಸುಮಾರು 8 ಕಿ.ಮೀ. ಹೋದರೆ ನೋರವಾಂಕ್ ಮಠ. ಇದನ್ನು ನಡೆದೇ ಹೋಗಬಹುದು, ವಾಹನ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ. 14ನೇ ಶತಮಾನದ ಅಲ್ಲಿನ ಗುಡಿಯ ಮುಂಗೋಡೆಗೆ ಎರಡೂ ಕಡೆಯಿಂದ ಕಲ್ಲಿನ ಮೆಟ್ಟಿಲು ಚಾಚಿಕೊಂಡಿವೆ. ಹಿಡಿಯಲು ಕಂಬಿ ಇಲ್ಲ. ಹತ್ತುವುದು ಸುಲಭ, ಇಳಿಯುವಾಗ ಎದೆ ಢವಗುಟ್ಟುತ್ತದೆ. ಗುಡಿ ನೋಡಿ ಬಂದು ಅರೇನಿ ಹಳ್ಳಿಯಲ್ಲಿ ಅದೇ ಹೆಸರಿನ ಕೆಂಪು ದ್ರಾಕ್ಷಿಯ ವೈನ್ ರುಚಿ ನೋಡಿ.

ಗೆಘಾರ್ಡ್ ಮಠವನ್ನು ಬಂಡೆ ಕೊರೆದು ಮಾಡಿದ್ದಾರೆ, ಒಳಗಿನ ಒಂದು ಗುಡಿಯಲ್ಲಿ ಬಂಡೆಯಿಂದಲೇ ನೀರು ಒಸರುತ್ತದೆ. ಜನ ಬಾಟಲಿಗೆ ತುಂಬಿಕೊಂಡು ಹೋಗುತ್ತಾರೆ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬರುವ ನೀರಿಗೆ ಕೈ ಒಡ್ಡಿದವರಿಗೆ ಅಲ್ಲಿ ಭಾಷೆ ಬೇಕಾಗುವುದಿಲ್ಲ. ಊಟಕ್ಕೆ ಝಿಂಗ್ಯಾಲೋವ್ ಹಾತ್ಸ್ ಕೇಳಿ. ಹತ್ತಕ್ಕೂ ಹೆಚ್ಚು ಬಗೆಯ ಸೊಪ್ಪು ಹೆಚ್ಚಿ ತುಂಬಿ ಸುಟ್ಟ ರೊಟ್ಟಿ. ನಮ್ಮ ಬೆರಕೆ ಸೊಪ್ಪನ್ನು ಹಿಟ್ಟಿನೊಳಗೆ ಇಟ್ಟ ಹಾಗೆ.

ಇಷ್ಟಾದರೂ ಅರ್ಮೇನಿಯಾದಲ್ಲಿ ನನ್ನ ಮನಸ್ಸು ಹಿಡಿದದ್ದು ಗವಿಯೂ ಅಲ್ಲ, ಮಠವೂ ಅಲ್ಲ. ಆಗಸ್ಟ್ 15ರ ಹತ್ತಿರದ ಭಾನುವಾರ ಅಲ್ಲಿನ ಚರ್ಚುಗಳಲ್ಲಿ ದ್ರಾಕ್ಷಿಗೆ ಆಶೀರ್ವಾದ ಮಾಡುತ್ತಾರೆ. ಅಲ್ಲಿಯ ತನಕ ಆ ವರ್ಷದ ದ್ರಾಕ್ಷಿಯನ್ನು ಸಂಪ್ರದಾಯಸ್ಥರು ಬಾಯಿಗೆ ಹಾಕುವುದಿಲ್ಲ. ತಟ್ಟೆ, ಬುಟ್ಟಿ, ಪ್ಲಾಸ್ಟಿಕ್ ಕವರು, ಏನು ಸಿಕ್ಕಿದರೆ ಅದರಲ್ಲಿ ಗೊಂಚಲು ತಂದು ಪಾದ್ರಿಯ ಮುಂದೆ ಇಡುತ್ತಾರೆ. ಆಮೇಲೆ ಹಂಚಿ ತಿನ್ನುತ್ತಾರೆ. ನಮ್ಮ ಅಪ್ಪ ಮೊದಲ ಗೊಂಚಲನ್ನು ನಂದಿ ಬೆಟ್ಟದ ತಪ್ಪಲಿನ ಭೋಗನಂದೀಶ್ವರನಿಗೆ ಇಟ್ಟು ಬಂದ ಮೇಲೇ ವ್ಯಾಪಾರಿಗೆ ತೋಟ ತೋರಿಸುವುದು.

ತಿಂಗಳ ಲೆಕ್ಕ

ಬೇರೆಯವರು ಹವಾಮಾನ ನೋಡಿ ದೇಶ ಆರಿಸುತ್ತಾರೆ. ನಾವು ತೋಟ ನೋಡಿ ಆರಿಸಬೇಕು. ಜಾರ್ಜಿಯಾದ ದ್ರಾಕ್ಷಿ ಸುಗ್ಗಿ, ಅವರು ರ್ತ್ವೇಲಿ ಅನ್ನುವುದು, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ತನಕ. ದಿಲ್‌ಖುಷ್ ತಳಿಯ ದ್ರಾಕ್ಷಿ ಇಟ್ಟವರು ಸೆಪ್ಟೆಂಬರ್ ಕೊನೆಯ ವಾರದೊಳಗೆ ಹೋಗಿ ಬಂದರೆ ಕಟಿಂಗಿಗೆ ಸರಿಹೋಗುತ್ತದೆ. ಅರೇನಿಯ ವೈನ್ ಹಬ್ಬ ಅಕ್ಟೋಬರ್ ಮೊದಲ ಶನಿವಾರ, ಅದು ನಮಗೆ ಆಗದ ಮಾತು. ಆದರೆ ಆಗಸ್ಟಿನ ಆಶೀರ್ವಾದದ ಹೊತ್ತಿಗೆ ಬಿಡುವಿರುತ್ತದೆ. ಸ್ಪೇನಿಗೆ ಮೇ ತಿಂಗಳು ಒಳ್ಳೆಯದು, ಏಪ್ರಿಲ್ ಕಟಿಂಗ್ ಮುಗಿಸಿ, ತೋಟದ ಮೇಲೆ ಕಣ್ಣಿಡಲು ಒಬ್ಬರನ್ನು ಬಿಟ್ಟು ಹೊರಡಬಹುದು. ಬೆಂಗಳೂರು ಬ್ಲೂ ಇಟ್ಟವರಿಗೆ ವರ್ಷಕ್ಕೆ ಎರಡು ಬೆಳೆ, ಅವರವರ ಕಟಿಂಗ್ ಲೆಕ್ಕ ಅವರವರಿಗೆ.

ಖರ್ಚಿನಲ್ಲಿ ಸ್ಪೇನ್ ಎಲ್ಲಕ್ಕಿಂತ ಮೇಲೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಆದರೆ ದಾರಿಯ ಛತ್ರಗಳಲ್ಲಿ ಮಲಗಿದರೆ ರೂಮಿನ ಖರ್ಚು ಉಳಿಯುತ್ತದೆ. ಜಾರ್ಜಿಯಾ, ಅರ್ಮೇನಿಯಾ ಅಕ್ಕಪಕ್ಕದ ದೇಶಗಳು, ಟಿಬಿಲಿಸಿಯಿಂದ ಯೆರೆವಾನಿಗೆ ರಸ್ತೆಯಲ್ಲಿ ಆರು ಗಂಟೆ. ಹತ್ತು ಹನ್ನೆರಡು ದಿನ ಇದ್ದರೆ ಎರಡನ್ನೂ ಒಟ್ಟಿಗೆ ಮುಗಿಸಬಹುದು.

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಬೆಳಗ್ಗೆ ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ 1478 ಮೀಟರ್ ಎತ್ತರದ ನಂದಿಯ ನೆತ್ತಿಗೆ ಹೋಗಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಯೋಗನಂದೀಶ್ವರನ ದರ್ಶನ ಮಾಡಿ, ಇಳಿದು ಭೋಗನಂದೀಶ್ವರನ ಕಲ್ಯಾಣಿ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿ. ಮಧ್ಯಾಹ್ನ ಕಾರು ಓಡಿಸಲು ಕುಡಿಯದ ಒಬ್ಬರನ್ನು ಜೊತೆ ಮಾಡಿಕೊಂಡು, ಬೆಟ್ಟದ ತಪ್ಪಲಿನ ವೈನರಿಯಲ್ಲಿ ರುಚಿ ನೋಡಿ. ಬೆಂಗಳೂರು ಬ್ಲೂ ಜ್ಯೂಸಿಗೆ, ಜಾಮಿಗೆ, ಸಿಹಿ ವೈನಿಗೆ ಹೋಗುವ ಜಾತಿ. ಯುರೋಪಿನ ತಳಿಗಳ ವಂಶವೇ ಬೇರೆ. ಆ ವ್ಯತ್ಯಾಸ ನಾಲಿಗೆಗೆ ಇಲ್ಲೇ ತಿಳಿದರೆ ಅಲ್ಲಿ ತಡಕಾಡಬೇಕಿಲ್ಲ. ಹತ್ತುವ ಮೊದಲು ಮಾತ್ರ ಒಂದು ತೊಟ್ಟೂ ಬೇಡ. ಮೂರೂ ದೇಶಗಳಲ್ಲಿ ನಾವು ಪಾಲಿಸಿದ್ದು ಇದನ್ನೇ. ಬೆಳಗ್ಗೆ ಬೆಟ್ಟ, ಸಂಜೆ ಬಟ್ಟಲು.

ಈ ಆಗಸ್ಟಿಗೆ ಅಪ್ಪ ಅಮ್ಮ ಇಬ್ಬರನ್ನೂ ಯೆರೆವಾನಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಮ್ಮ ಒಪ್ಪಿದ್ದು ಗೊಂಚಲಿನ ಪೂಜೆಯ ಮಾತು ಕೇಳಿ. ಅಪ್ಪ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿ ಬಂದು, ತೋಟಕ್ಕೆ ನೀರು ಬಿಡುವವರು ಯಾರು ಅಂತ ಕೇಳಿದರು. ಭಾವ ನಾನಿದ್ದೇನೆ ಅಂದಿದ್ದಾರೆ.